ಫ್ರೀ ಮೋಷನ್ ಕ್ವಿಲ್ಟಿಂಗ್‌ನಲ್ಲಿ ನನ್ನದೇ ಗೆರೆ ಸಿಕ್ಕಿದ್ದು ಹೇಗೆ

ಕ್ವಿಲ್ಟ್, ಅಂದರೆ ಪದರಗಳನ್ನು ಸೇರಿಸಿ ಹೊಲಿದ ಹೊದಿಕೆಯ ಮೇಲೆ ಹೂವು, ಎಲೆ, ಗರಿ, ನವಿಲು ಇವನ್ನೆಲ್ಲ ಯಾರು ಬೇಕಾದರೂ ಹೊಲಿಯಬಹುದು. ಅವುಗಳ ಸುತ್ತ ಖಾಲಿ ಜಾಗ ಉಳಿಯುತ್ತದೆ ಅಲ್ವಾ, ಅದನ್ನು ತುಂಬುವ ರೀತಿಯಲ್ಲಿ ಒಬ್ಬೊಬ್ಬರ ಕೈ ಗೊತ್ತಾಗುತ್ತದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ದಾರ ಕತ್ತರಿಸದೆ ಹೋಗಬೇಕು. ನಡುವೆ ಸಿಕ್ಕಿಬೀಳಬಾರದು, ಎಲ್ಲೂ ಬೋಳು ಉಳಿಯಬಾರದು. ಆಗ ಕೈ ತಾನಾಗಿ ಒಂದು ದಾರಿ ಹಿಡಿಯುತ್ತದೆ. ನನ್ನ ಮಟ್ಟಿಗೆ ಶೈಲಿ ಅಂದರೆ ಆ ದಾರಿ. ನಾನು ಅದನ್ನು ಹುಡುಕಿಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಶುರು ಮಾಡಿದವರಿಗೆ, ಅದಕ್ಕಿಂತ ಜಾಸ್ತಿ, ಕೈ ಕುದುರಿದ ಮೇಲೂ ತಮ್ಮ ಕೆಲಸ ಎಲ್ಲರ ಕೆಲಸದ ಹಾಗೇ ಕಾಣುತ್ತಿದೆ ಅನ್ನಿಸುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಗೊತ್ತಿಲ್ಲದವರಿಗೆ ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಮಾಮೂಲಿ ಹೊಲಿಗೆಯಲ್ಲಿ ಸೂಜಿಯ ಕೆಳಗಿರುವ ಹಲ್ಲುಗಳು ಬಟ್ಟೆಯನ್ನು ಹಿಂದಕ್ಕೆ ದೂಡುತ್ತವೆ. ಹೊಲಿಗೆ ಎಷ್ಟು ಉದ್ದ ಬರಬೇಕು ಅನ್ನುವುದನ್ನೂ ಅವೇ ತೀರ್ಮಾನಿಸುತ್ತವೆ. ಫ್ರೀ ಮೋಷನ್‌ನಲ್ಲಿ ಆ ಹಲ್ಲುಗಳನ್ನು ಕೆಳಗಿಳಿಸುತ್ತೇವೆ. ಇಳಿಸಲು ಬರದ ಮೆಷಿನ್ ಆದರೆ ಮೇಲೊಂದು ಪ್ಲೇಟ್ ಮುಚ್ಚುತ್ತೇವೆ. ಬಟ್ಟೆಯ ಮೇಲೆ ಸ್ವಲ್ಪ ಎತ್ತರದಲ್ಲಿ ನೆಗೆಯುತ್ತಾ ಹೋಗುವ ಡಾರ್ನಿಂಗ್ ಫುಟ್ ಹಾಕುತ್ತೇವೆ. ಆಮೇಲೆ ಬಟ್ಟೆ ಯಾವ ಕಡೆ ಹೋಗಬೇಕು, ಎಷ್ಟು ವೇಗವಾಗಿ ಹೋಗಬೇಕು ಅನ್ನುವುದೆಲ್ಲ ಎರಡು ಕೈಗಳ ಜವಾಬ್ದಾರಿ. ಸೂಜಿ ಇದ್ದಲ್ಲೇ ಇರುತ್ತದೆ, ಅದರ ಕೆಳಗೆ ಬಟ್ಟೆ ಓಡಾಡುತ್ತದೆ.

ಈ ವಿದ್ಯೆ ನಮ್ಮ ಕಡೆ ತೀರಾ ಹೊಸದೇನಲ್ಲ. ಕಾಲಿನಿಂದ ತುಳಿಯುವ ಕರಿ ಮೆಷಿನ್ನಿನಲ್ಲಿ ಫುಟ್ ಬಿಚ್ಚಿಟ್ಟು, ಬಟ್ಟೆಯನ್ನು ರಿಂಗ್‌ಗೆ ಬಿಗಿದು, ಕೈಯಿಂದ ಆಡಿಸುತ್ತಾ ಎಂಬ್ರಾಯಿಡರಿ ಮಾಡುವುದನ್ನು ಹೊಲಿಗೆ ಕ್ಲಾಸುಗಳಲ್ಲಿ ಕಲಿಸುತ್ತಿದ್ದರು. ನಾನು ಧಾರವಾಡದಲ್ಲಿ ಮೊದಲು ಕಲಿತದ್ದು ಅದನ್ನೇ. ಕ್ವಿಲ್ಟಿಂಗ್‌ಗೂ ಅದಕ್ಕೂ ಮೂಲ ಒಂದೇ. ಇಲ್ಲಿ ಒಂದು ಪದರದ ಬದಲು ಮೂರು ಪದರ ಇರುತ್ತದೆ: ಮೇಲಿನ ಬಟ್ಟೆ, ನಡುವೆ ಹತ್ತಿ ಅಥವಾ ಪಾಲಿಯೆಸ್ಟರ್ ಹಾಳೆ, ಕೆಳಗೆ ಅಸ್ತರು. ರಿಂಗ್ ಇರುವುದಿಲ್ಲ, ಎರಡು ಅಂಗೈಗಳೇ ರಿಂಗ್. ಕೆಲಸ ಪೂರ್ತಿ ಹಾಸಿಗೆಯಷ್ಟು ದೊಡ್ಡದು, ಮನೆಯ ಮೆಷಿನ್ನಿನ ತೋಳಿನ ಕೆಳಗೆ ಸಿಗುವುದು ಆರೇಳು ಇಂಚು ಜಾಗ. ಅಷ್ಟರಲ್ಲೇ ಎಲ್ಲ ಆಗಬೇಕು.

ನಮ್ಮ ಕೌದಿಯಾಗಲಿ, ಅಮೆರಿಕದ ಕ್ವಿಲ್ಟ್ ಆಗಲಿ, ಕೈಹೊಲಿಗೆಗೆ ಸಿಕ್ಕಿದ ಮರ್ಯಾದೆ ಮೆಷಿನ್ ಹೊಲಿಗೆಗೆ ಬೇಗ ಸಿಗಲಿಲ್ಲ. 1980ರ ದಶಕದಲ್ಲಿ ಹ್ಯಾರಿಯೆಟ್ ಹಾರ್ಗ್ರೇವ್ ಅವರಂಥವರು ಮನೆಯ ಮೆಷಿನ್ನಿನಲ್ಲೂ ನಾಜೂಕಾದ ಕ್ವಿಲ್ಟಿಂಗ್ ಆಗುತ್ತದೆ ಅಂತ ಮಾಡಿ ತೋರಿಸಿದರು. 1989ರಲ್ಲಿ ಕೆಂಟಕಿಯ ಪಡೂಕಾ ಊರಿನ ದೊಡ್ಡ ಪ್ರದರ್ಶನದಲ್ಲಿ ಕ್ಯಾರಿಲ್ ಬ್ರೈಯರ್ ಫಾಲರ್ಟ್ ಅವರ ಸೂರ್ಯಗ್ರಹಣದ ಕ್ವಿಲ್ಟ್ ಇಡೀ ಪ್ರದರ್ಶನದ ಅತ್ಯುತ್ತಮ ಕ್ವಿಲ್ಟ್ ಅನ್ನುವ ಬಹುಮಾನ ಗೆದ್ದಿತು. ಅಲ್ಲಿ ಮೆಷಿನ್ನಿನಲ್ಲಿ ಕ್ವಿಲ್ಟ್ ಮಾಡಿದ ಕೆಲಸಕ್ಕೆ ಆ ಬಹುಮಾನ ಬಂದಿದ್ದು ಅದೇ ಮೊದಲು. ಅಲ್ಲಿಂದ ಈಚೆಗೆ ಎಷ್ಟೋ ಜನ ತಮ್ಮದೇ ಕೈ ಬೆಳೆಸಿಕೊಂಡರು. ನನಗೆ ತುಂಬಾ ಹಿಡಿಸಿದ್ದು ಕರೆನ್ ಮ್ಯಾಕ್‌ಟಾವಿಶ್ ಅವರ ವಿಷಯ. ಅಲೆ ಅಲೆಯಾಗಿ ಬಾಗಿ, ಒಂದರ ಮಗ್ಗುಲಿಗೆ ಇನ್ನೊಂದು ಗೆರೆ ಹರಿಯುವ ಅವರ ರೀತಿಗೆ ಕ್ವಿಲ್ಟ್ ಮಾಡುವವರು ಮ್ಯಾಕ್‌ಟಾವಿಶಿಂಗ್ ಅಂತಲೇ ಹೆಸರಿಟ್ಟರು. ಆ ಹೆಸರು ಬಂದದ್ದು ಖಾಲಿ ಜಾಗ ತುಂಬುವ ಗೆರೆಗೆ. ನಡುವಿನ ಹೂವಿಗೆ ಅಲ್ಲ.

ಶುರುವಿನಲ್ಲಿ ನಾನು ಸಿಕ್ಕಿದ್ದನ್ನೆಲ್ಲ ಹೊಲಿದೆ. ಎಲ್ಲರೂ ಮೊದಲು ಕಲಿಯುವ ಸ್ಟಿಪ್ಲಿಂಗ್, ಅಂದರೆ ಎಲ್ಲೂ ಒಂದನ್ನೊಂದು ದಾಟದ ಅಂಕುಡೊಂಕು ಗೆರೆ. ಆಮೇಲೆ ಬೆಣಚುಕಲ್ಲಿನಂಥ ಗುಂಡುಗಳು, ಗರಿಗಳು, ಸುರುಳಿಗಳು, ಚೌಕಗಳು. ಇದನ್ನು ಯಾರೂ ತಪ್ಪಿಸಬಾರದು. ಬೇರೆಯವರ ಡಿಸೈನ್ ಹೊಲಿದರೆ ನಮ್ಮತನ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಗರಿ ಹೊಲಿಯುವಾಗ ಬಂದ ಗೆರೆಯ ಮೇಲೇ ಹಿಂದಕ್ಕೆ ಹೋಗುವುದನ್ನು ಕೈ ಕಲಿಯುತ್ತದೆ. ಗುಂಡು ಹೊಲಿಯುವಾಗ ಸಣ್ಣ ಜಾಗದಲ್ಲಿ ತಿರುಗುವುದನ್ನು ಕಲಿಯುತ್ತದೆ. ಚೌಕ ಹೊಲಿಯುವಾಗ ಮೂಲೆಯಲ್ಲಿ ಅರೆಗಳಿಗೆ ನಿಲ್ಲುವುದನ್ನು ಕಲಿಯುತ್ತದೆ. ಇವೆಲ್ಲ ಆಮೇಲೆ ನಮ್ಮ ಗೆರೆಗೇ ಬೇಕಾಗುತ್ತವೆ.

ಕೈ ಮತ್ತು ಮೆಷಿನ್ ಒಂದಕ್ಕೊಂದು ಹೊಂದಿಕೊಳ್ಳದೆ ಶೈಲಿಯ ಮಾತು ಆಡಿ ಪ್ರಯೋಜನ ಇಲ್ಲ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನಗೆ ಒಂದು ಇಂಚಿಗೆ ಎಂಟರಿಂದ ಹತ್ತು ಹೊಲಿಗೆ ಬಿದ್ದರೆ ಚೆನ್ನಾಗಿ ಕಾಣುತ್ತದೆ. ಕೈ ಜಾಸ್ತಿ ಓಡಿದರೆ ಹೊಲಿಗೆ ಉದ್ದವಾಗುತ್ತದೆ, ಮೆಷಿನ್ ಜಾಸ್ತಿ ಓಡಿದರೆ ಚುಕ್ಕಿ ಚುಕ್ಕಿಯಾಗುತ್ತದೆ. ತಿರುವಿನಲ್ಲಿ ಕೈ ಒಮ್ಮೆಲೇ ಓಡಿದರೆ ಬಟ್ಟೆ ತಿರುಗಿಸಿ ನೋಡಿ: ಕೆಳಗೆ ಕಣ್ಣಿನ ರೆಪ್ಪೆಯ ಕೂದಲಿನ ಹಾಗೆ ದಾರ ಎದ್ದಿರುತ್ತದೆ. ಆಗ ಎಲ್ಲರೂ ಟೆನ್ಷನ್, ಅಂದರೆ ದಾರದ ಬಿಗಿ ಹೊಂದಿಸುವ ತಿರುಪು ತಿರುಗಿಸಲು ಹೋಗುತ್ತಾರೆ. ಮೊದಲು ತಿರುವಿನಲ್ಲಿ ಕೈ ನಿಧಾನ ಮಾಡಿ ನೋಡಿ. ಅದಕ್ಕೂ ಹೋಗದಿದ್ದರೆ ಮೇಲಿನ ದಾರದ ಟೆನ್ಷನ್ ಒಂದು ಚೂರು ಬಿಗಿ ಮಾಡಿ. ಫುಟ್ ಬಟ್ಟೆಗೆ ತಾಗದೆ ಮೇಲಿದ್ದರೂ ಅದರ ಹಿಡಿ ಇಳಿಸಿಯೇ ಹೊಲಿಯಬೇಕು. ಹಿಡಿ ಇಳಿಸಿದಾಗ ಮಾತ್ರ ಮೇಲಿನ ದಾರಕ್ಕೆ ಬಿಗಿ ಸಿಗುವುದು, ಇಲ್ಲದಿದ್ದರೆ ಕೆಳಗೆ ದಾರದ ಗೂಡೇ ಕಟ್ಟುತ್ತದೆ. ಶುರು ಮಾಡುವಾಗ ಕೆಳಗಿನ ದಾರವನ್ನು ಮೇಲಕ್ಕೆ ಎಳೆದುಕೊಂಡು, ಎರಡನ್ನೂ ಹಿಡಿದು ಮೂರು ನಾಲ್ಕು ಸಣ್ಣ ಹೊಲಿಗೆ ಹಾಕಿ ಮುಂದೆ ಹೋಗಿ.

ಕೈ ಇಡುವುದನ್ನು ನಾನು ಜೋಳದ ರೊಟ್ಟಿ ತಟ್ಟುವುದಕ್ಕೆ ಹೋಲಿಸುತ್ತೇನೆ. ಅಂಗೈ ಒತ್ತುತ್ತಿರುತ್ತದೆ, ಜೊತೆಗೇ ತಿರುಗಿಸುತ್ತಲೂ ಇರುತ್ತದೆ. ಜಾಸ್ತಿ ಒತ್ತಿದರೆ ತಿರುಗುವುದಿಲ್ಲ, ಒತ್ತದಿದ್ದರೆ ಜಾರುತ್ತದೆ. ರಬ್ಬರ್ ಹಿಡಿತ ಇರುವ ಗ್ಲೌಸ್ ಹಾಕಿಕೊಂಡರೆ ಅರ್ಧ ಒತ್ತಡ ಸಾಕು, ಭುಜ ನೋಯುವುದಿಲ್ಲ. ಕಣ್ಣು ಮಾತ್ರ ಸೂಜಿಯ ಮೇಲೆ ಇರಬಾರದು. ಮುಂದೆ ಹೋಗಬೇಕಾದ ಜಾಗವನ್ನು ನೋಡಬೇಕು. ಸೂಜಿಯನ್ನೇ ನೋಡುತ್ತಾ ಕೂತರೆ ಗೆರೆ ನಡುಗುತ್ತದೆ.

ಇಷ್ಟು ಬಂದ ಮೇಲೆ ನನ್ನ ಕೆಲಸ ಅಚ್ಚುಕಟ್ಟಾಯಿತು. ಅದರಲ್ಲಿ ನಾನು ಮಾತ್ರ ಕಾಣಿಸುತ್ತಿರಲಿಲ್ಲ. ಆಗ ಒಂದು ಕೆಲಸ ಮಾಡಿದೆ. ಅಭ್ಯಾಸ ಮಾಡಿದ ತುಂಡುಗಳನ್ನು ನಾನು ಎಸೆದಿರಲಿಲ್ಲ. ಎಲ್ಲವನ್ನೂ ನೆಲದ ಮೇಲೆ ಹರಡಿ, ತಿರುಗಿಸಿ ಅಸ್ತರಿನ ಕಡೆಯಿಂದ ನೋಡಿದೆ. ಇದನ್ನು ನೀವೂ ಮಾಡಿ ನೋಡಿ. ಮೇಲಿನಿಂದ ನೋಡಿದರೆ ಬಣ್ಣ, ಪ್ರಿಂಟ್, ಬ್ಲಾಕ್‌ಗಳ (ತುಂಡು ಸೇರಿಸಿ ಮಾಡಿದ ಚೌಕಗಳ) ಜೋಡಣೆ ಕಣ್ಣು ಸೆಳೆಯುತ್ತವೆ. ಹಿಂದಿನಿಂದ ನೋಡಿದರೆ ಬರೀ ಗೆರೆ ಕಾಣುತ್ತದೆ. ಅಲ್ಲಿ ಒಂದು ವಿಷಯ ಎದ್ದು ಕಂಡಿತು. ಡಿಸೈನ್ ಯಾವುದೇ ಇರಲಿ, ಜಾಗ ಸಾಲದೆ ಕೈ ಸುಮ್ನೆ ಏನೋ ಒಂದು ಹಾಕಿ ಮುಂದೆ ಹೋದ ಕಡೆಯೆಲ್ಲ ಒಂದೇ ಆಕಾರ ಇತ್ತು. ಸಣ್ಣದೊಂದು ಕಮಾನು ಎಡಕ್ಕೆ ಬಾಗುತ್ತದೆ, ತುದಿಯಲ್ಲಿ ಪುಟ್ಟ ಸುಳಿ ಸುತ್ತುತ್ತದೆ, ಬಂದ ಗೆರೆಯ ಮಗ್ಗುಲಿಗೇ ವಾಪಸ್ ಇಳಿಯುತ್ತದೆ. ನಾನು ಅದಕ್ಕೆ ಕೊಕ್ಕೆ ಅನ್ನುತ್ತೇನೆ. ಯಾರೂ ನನಗೆ ಅದನ್ನು ಕಲಿಸಿರಲಿಲ್ಲ. ಯೋಚನೆ ಬಿಟ್ಟಾಗಲೆಲ್ಲ ಕೈ ಅದನ್ನೇ ಹಾಕಿತ್ತು.

ಶೈಲಿಯನ್ನು ಹುಡುಕಬೇಕಾದದ್ದು ಇಂಥ ಜಾಗದಲ್ಲಿ ಅಂತ ನನಗೆ ಅನ್ನಿಸಿದೆ. ಎಚ್ಚರದಿಂದ ಹೊಲಿದ ಹೂವಿನಲ್ಲಿ ಅದು ಸಿಗುವುದಿಲ್ಲ. ಹೂವು ಮುಗಿದು ಮುಂದಿನ ಹೂವಿಗೆ ಹೋಗುವ ಅವಸರದಲ್ಲಿ ಸಿಗುತ್ತದೆ.

ಆಮೇಲೆ ನಾನು ಬೇರೆ ಎಲ್ಲವನ್ನೂ ನಿಲ್ಲಿಸಿದೆ. ಮೂರೇ ಆಕಾರ ಇಟ್ಟುಕೊಂಡೆ: ಕೊಕ್ಕೆ, ನೇರ ಗೆರೆ, ಪಕ್ಕದ ಗೆರೆಗೆ ಸಮನಾಗಿ ಓಡುವ ಜೊತೆಗೆರೆ. ಹೊಸ ಡಿಸೈನ್ ಕಂಡಾಗ ಆಸೆಯಾಗುತ್ತಿತ್ತು, ಆದರೂ ಹೊಲಿಯಲಿಲ್ಲ. ದಿನಾ ಪೆನ್ನು ಎತ್ತದೆ ನೋಟ್‌ಬುಕ್ಕಿನಲ್ಲಿ ಬರೆದೆ. ಪುಟದಲ್ಲಿ ಮೊದಲು ಒಂದು ಆಕಾರ ಬರೆದುಕೊಳ್ಳುವುದು, ತ್ರಿಕೋನವೋ, ಉದ್ದನೆಯ ಪಟ್ಟಿಯೋ, ಅರ್ಧ ಚಂದ್ರವೋ. ಅದನ್ನು ಕೊಕ್ಕೆಯಿಂದಲೇ ತುಂಬುವುದು. ಚೌಕವನ್ನು ತುಂಬುವುದು ಸುಲಭ. ಚೂಪು ಮೂಲೆ ಬಂದಾಗ ಕೊಕ್ಕೆಯನ್ನು ಎಷ್ಟು ಸಣ್ಣದು ಮಾಡಬೇಕು, ಅಥವಾ ಅಲ್ಲಿ ನೇರ ಗೆರೆಗೆ ಯಾವಾಗ ಬದಲಾಗಬೇಕು ಅನ್ನುವುದು ಕಷ್ಟ. ಕಾಗದದ ಮೇಲೆ ತಡೆಯಿಲ್ಲದೆ ಬಂದದ್ದು ಮಾತ್ರ ಬಟ್ಟೆಯ ಮೇಲೆ ಬರುತ್ತದೆ. ಪೆನ್ನು ಎಲ್ಲಿ ನಿಂತು ಯೋಚಿಸುತ್ತದೋ ಮೆಷಿನ್ನೂ ಅಲ್ಲೇ ನಿಲ್ಲುತ್ತದೆ, ಅಲ್ಲಿ ದಾರ ಗಂಟಾಗುತ್ತದೆ.

ನನ್ನ ಕೊಕ್ಕೆ ಎಡಕ್ಕೆ ಸಲೀಸಾಗಿ ಬಾಗುತ್ತದೆ, ಬಲಕ್ಕೆ ಬಾಗಿಸಿದರೆ ಚಪ್ಪಟೆಯಾಗುತ್ತದೆ. ಎರಡೂ ಕಡೆ ಸಮ ಮಾಡಬೇಕು ಅಂತ ಹಲವರು ಸಲಹೆ ಕೊಟ್ಟರು. ಅಭ್ಯಾಸ ಮಾಡಿದರೆ ಸಮ ಆಗುತ್ತಿತ್ತು. ಆದರೆ ನಾನು ಬೇಕಂತಲೇ ಹಾಗೇ ಬಿಟ್ಟೆ. ಎಲ್ಲ ಕೊಕ್ಕೆಗಳೂ ಒಂದೇ ಕಡೆ ಬಾಗಿದಾಗ ಇಡೀ ಬಟ್ಟೆಯ ಮೇಲೆ ಒಂದು ಓಟ ಬರುತ್ತದೆ. ಎರಡೂ ಕಡೆ ಬಾಗಿದರೆ ಆ ಓಟ ನಿಲ್ಲುತ್ತದೆ. ಬಲಕ್ಕೆ ಹೋಗಬೇಕಾದಲ್ಲಿ ಈಗ ಜೊತೆಗೆರೆ ಹಾಕುತ್ತೇನೆ.

ಇನ್ನು ಹೋಗುವ ದಾರಿ. ಇದರಲ್ಲಿ ನನಗೆ ದಾರಿ ತೋರಿಸಿದ್ದು ನಮ್ಮ ಕಸೂತಿ ಮತ್ತು ಕೌದಿ. ಕಸೂತಿಯ ಗವಂತಿ ಹೊಲಿಗೆ ಗೊತ್ತಿರುವವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಹೋಗುವಾಗ ಒಂದು ಹೊಲಿಗೆ ಹಾಕಿ, ಅಷ್ಟೇ ಜಾಗ ಬಿಟ್ಟು, ಮತ್ತೊಂದು ಹಾಕುತ್ತಾ ಹೋಗುತ್ತೇವೆ, ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರುತ್ತೇವೆ. ತೇರು, ಗೋಪುರ ಯಾವುದೇ ಇರಲಿ, ಹೊರಟಲ್ಲಿಗೆ ಹೇಗೆ ವಾಪಸ್ ಬರುವುದು ಅನ್ನುವುದನ್ನು ಹೊರಡುವ ಮೊದಲೇ ಲೆಕ್ಕ ಹಾಕಿರಬೇಕು. ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು, ಗಂಟು ಇರಬಾರದು. ಮೆಷಿನ್ನಿನಲ್ಲಿ ದಾರ ಕತ್ತರಿಸದೆ ಓಡಾಡುವುದಕ್ಕೆ ಬೇಕಾದದ್ದು ಇದೇ ಲೆಕ್ಕ. ಗಿಡದ ಟೊಂಗೆಗಳನ್ನು ಹೊಲಿಯುವಾಗ ನಾನು ತುದಿಗೆ ಹೋಗಿ ಅದೇ ಗೆರೆಯ ಮೇಲೆ ವಾಪಸ್ ಬರುತ್ತೇನೆ. ಎರಡು ಸಲ ಹೊಲಿದ ಕಡೆ ಗೆರೆ ದಪ್ಪವಾಗುತ್ತದೆ. ಆ ದಪ್ಪವೇ ಕಾಂಡ, ತೆಳ್ಳಗೆ ಉಳಿದದ್ದು ಕೊಕ್ಕೆ.

ಕೌದಿಯಿಂದ ತೆಗೆದುಕೊಂಡದ್ದು ಬೇರೆ. ಹಳೇ ಸೀರೆ, ಧೋತರ ಪದರ ಪದರವಾಗಿ ಹಾಸಿ, ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ಸುತ್ತುತ್ತಾ ಒಳಗೆ ಬರುವ ಕೌದಿಗಳನ್ನು ನಮ್ಮ ಕಡೆ ನೋಡಿಯೇ ಇರುತ್ತೀರಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಹಾಗೇ: ಒಂದು ಮೂಲೆಯಿಂದ ಹೊರಟು ಅಂಚು ಸುತ್ತಿ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿದ ಪುಟ್ಟ ತ್ರಿಕೋನಗಳನ್ನು ಕೂರಿಸುತ್ತಾರೆ. ಅದನ್ನು ಫೂಲ ಅನ್ನುತ್ತಾರೆ. ಅದಿಲ್ಲದಿದ್ದರೆ ಕವಂದಿ ಪೂರ್ತಿಯಾದ ಹಾಗಲ್ಲ. ಆ ಸುತ್ತಿನ ಗೆರೆಗಳು ಚೌಕದೊಳಗೆ ಚೌಕವಾಗಿ ಬರುತ್ತವೆ, ಮೂಲೆಯಲ್ಲಿ ಸ್ವಲ್ಪ ಗುಂಡಗಾಗುತ್ತವೆ. ನೋಡಿದಷ್ಟೂ ಸಾಲದು ನನಗೆ.

ನನ್ನ ಕೊಕ್ಕೆಗಳನ್ನು ಈ ಸುತ್ತಿನಲ್ಲಿ ಓಡಿಸಬೇಕು ಅನ್ನುವ ಆಸೆ ಬಂತು. ಇಲ್ಲಿ ಒಂದು ಗಟ್ಟಿ ತೊಡಕು ಇದೆ. ಮೆಷಿನ್ ಕ್ವಿಲ್ಟಿಂಗ್ ಕಲಿಸುವವರು ಸಾಮಾನ್ಯವಾಗಿ ನಡುವಿನಿಂದ ಹೊರಗೆ ಹೋಗಿ ಅನ್ನುತ್ತಾರೆ. ಅದಕ್ಕೆ ಕಾರಣ ಇದೆ. ಮೂರು ಪದರವನ್ನು ಮೊದಲೇ ಜೋಡಿಸಿಬಿಟ್ಟಿರುತ್ತೇವೆ. ಹೊಲಿಯುತ್ತಾ ಹೋದಂತೆ ಬಟ್ಟೆಯ ಸಡಿಲು ಮುಂದಕ್ಕೆ ಜರುಗುತ್ತದೆ. ಹೊರಗಿನಿಂದ ಒಳಗೆ ಬಂದರೆ ಆ ಸಡಿಲೆಲ್ಲ ನಡುವೆ ಬಂದು ಸೇರಿ ನೆರಿಗೆ ಕಟ್ಟುತ್ತದೆ. ಕವಂದಿಯಲ್ಲಿ ಹಾಗಾಗುವುದಿಲ್ಲ, ಯಾಕೆಂದರೆ ಅಲ್ಲಿ ಮೇಲಿನ ತುಂಡುಗಳನ್ನು ಒಂದೊಂದಾಗಿ ಇಡುತ್ತಾ, ಅಂಚು ಮಡಚುತ್ತಾ ಹೊಲಿಯುತ್ತಾರೆ. ಸಡಿಲು ಅಲ್ಲಲ್ಲೇ ಸರಿಹೋಗುತ್ತದೆ.

ಎರಡನ್ನೂ ಹೊಂದಿಸಲು ನಾನು ಮಾಡಿದ್ದು ಹೀಗೆ. ಮೂರು ಪದರಕ್ಕೂ ಅಂಗೈ ಅಗಲಕ್ಕೊಂದು ಸೇಫ್ಟಿ ಪಿನ್ ಹಾಕುತ್ತೇನೆ, ಸುಮಾರು ನಾಲ್ಕು ಇಂಚಿಗೆ ಒಂದು. ಮೊದಲ ಸುತ್ತು ಹಲ್ಲು ಮೇಲೆತ್ತಿ, ಮೇಲಿನ ಪದರವನ್ನೂ ಜೊತೆಗೇ ಮುಂದೆ ಸಾಗಿಸುವ ವಾಕಿಂಗ್ ಫುಟ್ ಹಾಕಿ, ಬ್ಲಾಕ್‌ಗಳು ಕೂಡುವ ಸಂದಿಯಲ್ಲೇ ನೇರ ಹೊಲಿಗೆ. ಇದು ನಡುವಿನಿಂದ ಹೊರಗೆ. ಈಗ ಇಡೀ ಕ್ವಿಲ್ಟ್ ಸಣ್ಣ ಸಣ್ಣ ಕೋಣೆಗಳಾಗಿ ಬಿಗಿಯಾಯಿತು. ಆಮೇಲೆ ಹಲ್ಲು ಇಳಿಸಿ ಒಂದೊಂದು ಕೋಣೆಯ ಒಳಗೆ ಅಂಚಿನಿಂದ ನಡುವಿಗೆ ಸುತ್ತುತ್ತಾ ಬರುತ್ತೇನೆ. ಹತ್ತು ಹನ್ನೆರಡು ಇಂಚಿನ ಕೋಣೆಯಲ್ಲಿ ಉಳಿಯುವ ಸಡಿಲು ತೀರಾ ಕಡಿಮೆ, ಅಂಗೈಯಿಂದ ಹರಡಿದರೆ ಹೊಲಿಗೆಯೊಳಗೆ ಕರಗಿಹೋಗುತ್ತದೆ. ಕೌದಿಯ ಸುತ್ತು ಉಳಿಯಿತು, ನೆರಿಗೆಯೂ ಬರಲಿಲ್ಲ.

ಇದರಿಂದ ಇನ್ನೊಂದು ಲಾಭ ಆಯಿತು. ಇಷ್ಟು ದೊಡ್ಡ ಬಟ್ಟೆಯನ್ನು ಮೆಷಿನ್ನಿನ ಕೆಳಗೆ ತಿರುಗಿಸುತ್ತಾ ಕೂರಲು ಆಗುವುದಿಲ್ಲ, ಹಾಗಾಗಿ ನಾಲ್ಕೂ ದಿಕ್ಕಿಗೆ ಬಟ್ಟೆ ತಿರುಗಿಸದೆಯೇ ಹೊಲಿಯಬೇಕು. ಕೋಣೆಯ ನಾಲ್ಕು ಬದಿಯಲ್ಲಿ ನನ್ನ ಕೊಕ್ಕೆ ನಾಲ್ಕು ರೀತಿ ಬರುತ್ತದೆ. ನನ್ನ ಕಡೆಗೆ ಎಳೆದುಕೊಳ್ಳುವಾಗ ಕೊಬ್ಬಿದ ಹಾಗೆ, ಆಚೆ ದೂಡುವಾಗ ಸಪೂರ. ಗೊತ್ತಿರುವವರು ನನ್ನ ಕೆಲಸವನ್ನು ಇದರಿಂದಲೇ ಗುರುತಿಸುತ್ತಾರೆ.

ಅಳತೆ ಮತ್ತು ದಟ್ಟಣೆ ಬಗ್ಗೆ ಜನ ಅಷ್ಟಾಗಿ ಮಾತಾಡುವುದಿಲ್ಲ. ನನ್ನ ಪ್ರಕಾರ ಆಕಾರಕ್ಕಿಂತ ಇವು ದೊಡ್ಡವು. ಒಂದೇ ಕೊಕ್ಕೆಯನ್ನು ಅರ್ಧ ಇಂಚಿಗೆ ಹೊಲಿದರೆ ಬಟ್ಟೆ ರಟ್ಟಿನ ಹಾಗೆ ಗಟ್ಟಿಯಾಗುತ್ತದೆ, ಎರಡು ಇಂಚಿಗೆ ಹೊಲಿದರೆ ಮೆತ್ತಗೆ ಉಬ್ಬಿಕೊಂಡಿರುತ್ತದೆ. ಹೊದ್ದುಕೊಳ್ಳುವ ಕ್ವಿಲ್ಟ್‌ಗೆ ನನ್ನ ಅಳತೆ ಒಂದು ಇಂಚಿನ ಆಸುಪಾಸು. ಒಂದು ಕಡೆ ತೀರಾ ದಟ್ಟ, ಇನ್ನೊಂದು ಕಡೆ ತೀರಾ ವಿರಳ ಆದರೆ ದಟ್ಟ ಕಡೆ ಸೆಳೆದುಕೊಂಡು ಅಂಚು ಅಲೆಯಾಗುತ್ತದೆ. ದಟ್ಟ ಕಡೆ ತಗ್ಗುತ್ತದೆ, ವಿರಳ ಕಡೆ ಉಬ್ಬುತ್ತದೆ. ಉಬ್ಬಬೇಕಾದ ಹೂವನ್ನು ಹಾಗೇ ಬಿಟ್ಟು ಸುತ್ತಲಿನ ಜಾಗವನ್ನು ದಟ್ಟವಾಗಿ ಹೊಲಿಯಿರಿ, ಹೂವು ತಾನೇ ಎದ್ದು ನಿಲ್ಲುತ್ತದೆ.

ಬಟ್ಟೆ ಮತ್ತು ದಾರದ ಆಯ್ಕೆಯೂ ಕೈಯ ಭಾಗವೇ. ಪ್ರಿಂಟ್ ಬಟ್ಟೆಯ ಮೇಲೆ ಎಂಥ ಗೆರೆಯೂ ಮುಳುಗಿಹೋಗುತ್ತದೆ. ಗುಳೇದಗುಡ್ಡದ ಖಣ ನನಗೆ ಪ್ರಾಣ, ಆದರೆ ಅದರಲ್ಲಿ ನೇಯ್ದ ಬುಟ್ಟಾಗಳ ನಡುವೆ ಕೊಕ್ಕೆ ಕಾಣುವುದೇ ಇಲ್ಲ. ಅಲ್ಲಿ ಸುಮ್ನೆ ನೇರ ಗೆರೆ ಹಾಕಿ ಸಾಕು ಮಾಡುತ್ತೇನೆ. ಖಣದ ಅಂಚು ಬೇಗ ಎಳೆ ಬಿಡುತ್ತದೆ, ಹೊಲಿಗೆಗೆ ಅರ್ಧ ಇಂಚು ಜಾಗ ಬಿಟ್ಟು ಕತ್ತರಿಸಿ. ಇಳಕಲ್ ಸೀರೆಯ ಹತ್ತಿ ಒಡಲಿನಲ್ಲಿ, ಒಂದೇ ಬಣ್ಣದ ಭಾಗ ಇರುತ್ತದಲ್ಲ, ಅಲ್ಲಿ ನನ್ನ ಗೆರೆ ಚೆನ್ನಾಗಿ ಬೀಳುತ್ತದೆ. ದಾರದ ನಂಬರು ಹೆಚ್ಚಾದಷ್ಟೂ ದಾರ ತೆಳ್ಳಗೆ. ಗೆರೆ ಕಾಣಬೇಕಾದರೆ 40ರ ದಾರ, ಬರೀ ಉಬ್ಬುತಗ್ಗು ಸಾಕಾದರೆ 50ರ ದಾರ. ಸೂಜಿ ಎರಡಕ್ಕೂ 90/14 ಸೈಜಿನದು. ಬಟ್ಟೆಯ ಬಣ್ಣಕ್ಕಿಂತ ಒಂದು ಛಾಯೆ ಗಾಢ ದಾರ ಹಾಕುವುದು ನನ್ನ ರೂಢಿ. ಕೆಳಗೂ ಮೇಲೂ ಅದೇ ಬಣ್ಣ.

ನಡುವಿನ ಹಾಳೆ ಹತ್ತಿಯದಾದರೆ ಮೊದಲ ಸಲ ಒಗೆದಾಗ ಶೇಕಡಾ 3ರಿಂದ 5ರಷ್ಟು ಕುಗ್ಗುತ್ತದೆ. ಕೊಕ್ಕೆಗಳ ನಡುವೆ ಸಣ್ಣ ಸುಕ್ಕು ಏಳುತ್ತದೆ, ಹಳೇ ಕೌದಿಯ ಚಹರೆ ಬರುತ್ತದೆ. ನನಗೆ ಅದೇ ಬೇಕು. ಗೆರೆ ಸ್ಪಷ್ಟವಾಗಿ ಉಳಿಯಬೇಕು ಅನ್ನುವವರು ಪಾಲಿಯೆಸ್ಟರ್ ಹಾಳೆ ಹಾಕಲಿ. ನೀರಿಗೆ ಹೋಗುವ ನೀಲಿ ಪೆನ್ನಿನಲ್ಲಿ ಗುರುತು ಹಾಕಿದ್ದರೆ ಒಗೆಯುವ ಮೊದಲು ಇಸ್ತ್ರಿ ಮಾಡಬೇಡಿ. ಬಿಸಿಗೆ ಆ ನೀಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಸವೆದ ಸೋಪಿನ ಚೂರಿನಿಂದ ಗುರುತು ಮಾಡುವ ಟೇಲರ್‌ಗಳ ಪದ್ಧತಿಯೇ ಗಾಢ ಬಟ್ಟೆಗೆ ವಾಸಿ.

ಈಗ ಒಂದು ಹೊಸ ಪ್ರಯೋಗ ನಡೆದಿದೆ. ಎಂಬ್ರಾಯಿಡರಿ ಕಲಿತ ಕಾಲಿನ ಮೆಷಿನ್ನನ್ನು ಹೊರಗೆ ತೆಗೆದು, ಎಣ್ಣೆ ಬಿಟ್ಟು, ಬೆಲ್ಟ್ ಹೊಸದು ಹಾಕಿಸಿ, ಅದರ ಮೇಲೆ ಕ್ವಿಲ್ಟ್ ಹೊಲಿಯುತ್ತಿದ್ದೇನೆ. ಕಾಲು ತುಳಿಯುವ ಲಯಕ್ಕೆ ಕೈ ತಾನಾಗಿ ನಿಧಾನವಾಗುತ್ತದೆ, ಹೊಲಿಗೆ ಸಮನಾಗಿ ಬೀಳುತ್ತದೆ. ಒಂದು ಕೊಕ್ಕೆಗೆ ಸರಿಯಾಗಿ ಎಷ್ಟು ತುಳಿತ ಬೇಕು ಅನ್ನುವುದು ಕಾಲಿಗೆ ಗೊತ್ತಾಗಿಬಿಟ್ಟಿದೆ. ಆದರೆ ಸುಳಿ ಅಷ್ಟು ಚಿಕ್ಕದಾಗಿ ಸುತ್ತಲು ಬರುವುದಿಲ್ಲ, ಇಂಚಿನ ಕೊಕ್ಕೆ ಒಂದೂಕಾಲು ಇಂಚಿಗೆ ಹೋಗುತ್ತಿದೆ. ನಡುವೆ ಖಣ, ಸುತ್ತ ಇಳಕಲ್ ಹತ್ತಿ ಇಟ್ಟ ಈ ಕೌದಿಗೆ ಆ ಅಳತೆಯನ್ನೇ ಇಟ್ಟುಕೊಂಡಿದ್ದೇನೆ. ಇನ್ನು ನಾಲ್ಕು ಮೂಲೆಗೆ ಫೂಲ ಕೂರಿಸುವುದು ಬಾಕಿ. ಅದನ್ನು ಕೈಯಲ್ಲೇ ಹೊಲಿಯುತ್ತೇನೆ.